ತೊಳೆದ ಹಾಡು

ಬಾಬಾಜಾನ್ ಸಾಹೇಬರ ಗಡ್ಡ ಕೆರೆಯುವಾಗ ನಮ್ಮೂರ ಕ್ಷೌರಿಕ ಮಲ್ಲೇಶಿ ಒಂದು ಕಿವಿಯನ್ನು ಬೀದಿಯ ಕಡೆಗೇ ಇಟ್ಟಿರುತ್ತಿದ್ದ. ದನಿಮನೆಯ ಗೋಪುರದ ಲೌಡ್‌ಸ್ಪೀಕರಿನಲ್ಲಿ ಸಂಜೆಯ ಹಾಡುಗಳು ಶುರುವಾಗಿ, ಒಂದು ಹಾಡಿನ ಪಲ್ಲವಿ ಮುಗಿದು ತಬಲಾ ಏರತೊಡಗಿತೆಂದರೆ ಸಾಕು, ಅವನು ಕತ್ತಿಯನ್ನು ಮೇಲೆತ್ತಿ ಹಿಂದೆ ಸರಿದು ನಿಲ್ಲುತ್ತಿದ್ದ. ಬಾಬಾಜಾನ್ ಸಾಹೇಬರು ಕಣ್ಣು ಮುಚ್ಚಿ, ಮೂಗು ಅರಳಿಸಿ, ಅಂಗಡಿಯ ಕನ್ನಡಿ ನಡುಗುವಂತೆ ಒಂದು ಸೀನು ಸೀನುತ್ತಿದ್ದರು. ಅದೇ ಹೊತ್ತಿಗೆ ಲೌಡ್‌ಸ್ಪೀಕರಿನಲ್ಲೂ ಅದೇ ಸೀನು ಕೇಳುತ್ತಿತ್ತು. "ಆತೇನ್ರಿ ಸಾಹೇಬ್ರ?" ಎಂದು ಮಲ್ಲೇಶಿ ಕೇಳುತ್ತಿದ್ದ. "ಆತಪಾ, ಇನ್ನ ಹೊಡಿ" ಎನ್ನುತ್ತಿದ್ದರು ಅವರು. ಕತ್ತಿ ಮತ್ತೆ ಗಲ್ಲಕ್ಕೆ ಇಳಿಯುತ್ತಿತ್ತು.

ಆಗ ನಮ್ಮೂರಲ್ಲಿ ಹಾಗೆ. ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಿ ಉಳಿದುಹೋದ ತಪ್ಪು, ಮಾಡಿದವರನ್ನು ಬಿಡುತ್ತಿರಲಿಲ್ಲ. ಹಾಡು ಬಂದಾಗಲೆಲ್ಲ ಅದೂ ಬರುತ್ತಿತ್ತು. ದನಿಮನೆಯಲ್ಲಿ ಹಾಡು ಮುದ್ರಿಸುತ್ತಿದ್ದ ಕಾಲದಲ್ಲಿ ಕೆಮ್ಮಿದವರು ಮತ್ತೆ ಕೆಮ್ಮುತ್ತಿದ್ದರು, ಬಿಕ್ಕಳಿಸಿದವರು ಬಿಕ್ಕಳಿಸುತ್ತಿದ್ದರು. ಜೀವವಿಲ್ಲದ ವಸ್ತುಗಳಿಗೂ ವಿನಾಯಿತಿ ಇರಲಿಲ್ಲ. ಒಂದು ಲಾವಣಿಯ ನಡುವೆ ಕೆಳಗೆ ಬಿದ್ದು ಸದ್ದು ಮಾಡಿದ ತಂಬಿಗೆ ಪತ್ತಾರರ ಮನೆಯಲ್ಲಿತ್ತು, ಅದನ್ನು ಅವರು ನೆಲದ ಮೇಲೆಯೇ ಇಡುತ್ತಿದ್ದರು. ಗೋಡೆಯ ಮಾಡದಲ್ಲಿಟ್ಟರೆ ಯಾರ ತಲೆಯ ಮೇಲೆ ಬೀಳುತ್ತಿತ್ತೋ ಹೇಳಲಾಗದು. ನನ್ನದೂ ಒಂದಿತ್ತು. ಲಂಗ ಉಡುವ ವಯಸ್ಸಿನಲ್ಲಿ ಮೇಳದವರ ಜೊತೆ ನಿಂತು ಹಾಡುವಾಗ ಕೈ ಆಡಿಸಿ ಬಳೆ ಸದ್ದು ಮಾಡಿದ್ದೆ. ಆಮೇಲೆ ಆ ಹಾಡು ಬಂದರೆ ಪೆಟ್ಟಿಗೆಯೊಳಗಿಟ್ಟ ಬಳೆಗಳು ಕೂಡ ಝಲ್ಲೆನ್ನುತ್ತಿದ್ದವು. ಹೊಸತಾಗಿ ಬಂದ ನನ್ನ ಸೊಸೆ ಕಳ್ಳ ಹೊಕ್ಕನೆಂದು ಒನಕೆ ಹಿಡಿದು ನಿಂತಿದ್ದಳು. ಆಮೇಲೆ ಅವಳಿಗೂ ರೂಢಿಯಾಯಿತು.

ಇವೆಲ್ಲ ಚಿಲ್ಲರೆ ತಪ್ಪುಗಳು. ಊರಿನ ದೊಡ್ಡ ತಪ್ಪು ಇದ್ದದ್ದು ನನ್ನ ತಲೆಯ ಮೇಲೆ, ಅಂದರೆ ಮೇಲಂತಸ್ತಿನಲ್ಲಿ. ಕೆಳಗೆ ನನ್ನ ಹೊಲಿಗೆ ಅಂಗಡಿ, ಮೇಲೆ ಮನೆಯ ಮಾಲೀಕರಾದ ವೆಂಕೋಬ ಮಾಸ್ತರರು ಮತ್ತು ಅವರ ಹೆಂಡತಿ ತುಳಸಾಬಾಯಿ. ಅವರು ಹಾರ್ಮೋನಿಯಂ ಬಾರಿಸುವವರು, ಆಕೆ ಹಾಡುವಾಕೆ. "ದಾರಿಯ ನೋಡುತ ನಿಂತೇನ" ಎಂಬ ಪದವನ್ನು ತುಳಸಾಬಾಯಿ ಹಾಡಿದ ತಟ್ಟೆ ನಮ್ಮೂರಿನ ಹೊರಗೂ ಹೆಸರು ಮಾಡಿತ್ತು. ಮದುವೆಗಳಲ್ಲಿ ಮದುಮಗಳು ತಡಮಾಡಿದರೆ ಈ ಹಾಡು, ನಾಟಕದ ಪರದೆ ಏಳದಿದ್ದರೆ ಈ ಹಾಡು, ಸಂಜೆ ದೀಪ ಹಚ್ಚುವ ಹೊತ್ತಿಗೆ ಗೋಪುರದ ಮೇಲಿಂದ ತಪ್ಪದೆ ಈ ಹಾಡು.

ಅದರ ಎರಡನೆಯ ಚರಣದ ಕೊನೆಗೆ ಮಾಸ್ತರರ ಬೆರಳು ಜಾರಿತ್ತು. ಒಂದು ಅಪಸ್ವರ, ಹಾಲಿಗೆ ಹುಳಿ ಹಿಂಡಿದ ಹಾಗೆ. ಅದರ ಬೆನ್ನಿಗೇ ತುಳಸಾಬಾಯಿ ತಡೆಯಲಾರದೆ "ಅಯ್ಯ, ಕೈಗೇನಾಗೇದ ನಿಮಗ?" ಎಂದು ಗದರಿ, ಏನೂ ಆಗದವಳ ಹಾಗೆ ಮುಂದಿನ ಸಾಲನ್ನು ಎತ್ತಿಕೊಂಡಿದ್ದಳು. ಅವತ್ತು ಮುದ್ರಣಕ್ಕೆ ಉಳಿದಿದ್ದದ್ದು ಅದೊಂದೇ ಮೇಣದ ತಟ್ಟೆ; ಮುದ್ರಿಸುವವನಿಗೆ ರೈಲು ಹಿಡಿಯುವ ಅವಸರ. "ಇರ್ಲಿ ಬಿಡ್ರಿ, ಯಾರ ಕೇಳ್ತಾರ" ಎಂದು ಗಂಟು ಕಟ್ಟಿಕೊಂಡು ಹೋದ. ಕೇಳಿದ್ದು ಇಡೀ ಸೀಮೆ.

ಹೀಗಾಗಿ ಆ ಹಾಡು ಬಂದಾಗಲೆಲ್ಲ ಮಾಸ್ತರರ ಬಲಗೈ ನಡುಬೆರಳು ತಾನಾಗಿ ಕೆಳಗಿಳಿಯುತ್ತಿತ್ತು. ಕೆಳಗೆ ಹಾರ್ಮೋನಿಯಂ ಇದ್ದರೆ ಅಪಸ್ವರ, ಇಲ್ಲದಿದ್ದರೆ ಏನು ಸಿಕ್ಕರೆ ಅದು. ಕಲಸಿದ ಹಿಟ್ಟಿನೊಳಗೆ ಊರಿದ್ದುಂಟು, ಮುಂದೆ ನಿಂತವನ ಸೈಕಲ್ ಗಂಟೆ ಬಾರಿಸಿದ್ದುಂಟು, ಒಮ್ಮೆ ಬಸ್ಸಿನಲ್ಲಿ ಯಾರದೋ ಬೋಳು ತಲೆಯನ್ನು ಒತ್ತಿ ಬೈಸಿಕೊಂಡದ್ದೂ ಉಂಟು. ಅದೇ ಕ್ಷಣಕ್ಕೆ ತುಳಸಾಬಾಯಿ ಎಲ್ಲಿದ್ದರೂ, ಬಾವಿಕಟ್ಟೆಯಲ್ಲಿರಲಿ ಯಾರದೋ ಮನೆಯ ಆರತಿಯಲ್ಲಿರಲಿ, "ಅಯ್ಯ, ಕೈಗೇನಾಗೇದ ನಿಮಗ?" ಎಂದು ಗಟ್ಟಿಯಾಗಿ ಹೇಳಿಯೇ ತೀರಬೇಕು.

ಅವರಿಬ್ಬರೂ ಇದನ್ನು ನಗುನಗುತ್ತಲೇ ನಡೆಸಿಕೊಂಡು ಬಂದಿದ್ದರು, ಸನ್ಮಾನದ ದಿನದವರೆಗೆ. ಊರವರು ಕರೆದುಕೊಂಡು ಹೋಗಿ ಇಬ್ಬರಿಗೂ ಶಾಲು ಹೊದಿಸಿದರು. ಭಾಷಣಕ್ಕೆ ನಿಂತ ಹಿರಿಯರೊಬ್ಬರು, "ಮಾಸ್ತರರ ಆ ಒಂದು ತಪ್ಪು ಇಲ್ಲದಿದ್ದರೆ ತಾಯಿಯವರ ಹಾಡು ಬಂಗಾರವಾಗುತ್ತಿತ್ತು" ಎಂದುಬಿಟ್ಟರು. ಟಾಂಗಾದಲ್ಲಿ ಮನೆಗೆ ಬರುವಾಗ ಮಾಸ್ತರರು, "ಸ್ವರ ತಪ್ಪಿದ್ದು ಯಾರಿಗೂ ತಿಳೀತಿದ್ದಿಲ್ಲ. ನೀ ಬೈದದ್ದಕ್ಕ ತಿಳೀತು. ತಪ್ಪು ನಂದಲ್ಲ, ನಿಂದು" ಎಂದರು. ಆಕೆ, "ನೀವು ತಪ್ಪಲಿಲ್ಲಂದ್ರ ನಾ ಯಾಕ ಬೈತಿದ್ದೆ? ತಪ್ಪು ನಿಮ್ಮದ" ಎಂದಳು. ಮನೆ ಬಂತು. ಟಾಂಗಾದಿಂದ ಇಳಿದ ಇಬ್ಬರೂ ಮಾತು ಬಿಟ್ಟರು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರು ಅದಾದ ಮೇಲೆ ಎಷ್ಟು ಸಲ ಉಂಡರೋ, ಎಷ್ಟು ಸಲ ಮಲಗಿದರೋ, ಮಾತು ಮಾತ್ರ ಹುಟ್ಟಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯ ಕೂಸು ಯಾರೆಂದರೆ, ಐವತ್ತು ದಾಟಿದ ನಾನು. ಮೇಲಿನಿಂದ ಕರೆ ಬರುತ್ತಿತ್ತು, ನಾನು ಬಾಯಲ್ಲಿ ದಾರ ಕಚ್ಚಿಕೊಂಡೇ ಏರಿ ಹೋಗುತ್ತಿದ್ದೆ.

"ಕಾಶವ್ವಾ, ಅವರಿಗೆ ಹೇಳು, ಸಾರಿಗೆ ಉಪ್ಪು ಬಿದ್ದಿಲ್ಲಂತ."

"ಬಾಯಾರ, ಸಾರಿಗೆ ಉಪ್ಪು ಬಿದ್ದಿಲ್ಲಂತ್ರಿ."

"ಅವರಿಗೆ ಹೇಳು ಕಾಶವ್ವಾ, ಉಪ್ಪಿನ ಡಬ್ಬಿ ಅವರ ಮೊಣಕೈಗೆ ಹತ್ತೇದ ಅಂತ."

"ಮಾಸ್ತರ್ರ, ಡಬ್ಬಿ ನಿಮ್ಮ ಮೊಣಕೈಗೆ ಹತ್ತೇದಂತ್ರಿ."

ನಡುವೆ ಇದ್ದದ್ದು ಒಂದು ಮಣೆಯಷ್ಟು ದೂರ. ನಾನು ಅವರ ಮನೆಯ ಬಾಡಿಗೆಯವಳೋ ಅಂಚೆಯವಳೋ ಎಂದು ನನಗೇ ಅನುಮಾನ ಬರುತ್ತಿತ್ತು. ಆದರೂ ಒಂದು ನೇಮ ಇಟ್ಟುಕೊಂಡಿದ್ದೆ: ಹೇಳು ಎಂದದ್ದನ್ನು ಹೇಳಬೇಕು, ಹೇಳು ಎನ್ನದ್ದನ್ನು ಹೇಳಬಾರದು. ಇಲ್ಲದಿದ್ದರೆ ಇಬ್ಬರ ನಡುವೆ ನಿಂತವಳ ಗತಿ ಅಡಕತ್ತರಿಯ ಅಡಕೆಯಾಗುತ್ತದೆ.

ಆದರೆ ಸಂಜೆ ದೀಪದ ಹೊತ್ತಿಗೆ ಗೋಪುರದಿಂದ ಆ ಹಾಡು ಬರುತ್ತಿತ್ತು. ಆಗ ಮಾಸ್ತರರು ಎಲ್ಲೇ ಹೋಗಿದ್ದರೂ ಮನೆಗೆ ಬಂದು ಪಡಸಾಲೆಯಲ್ಲಿ ಕೂತಿರುತ್ತಿದ್ದರು. ಬೆರಳು ಇಳಿಯುತ್ತಿತ್ತು. ಅಡುಗೆಮನೆಯಿಂದ "ಅಯ್ಯ, ಕೈಗೇನಾಗೇದ ನಿಮಗ?" ಎಂದು ಬರುತ್ತಿತ್ತು. ನೇರವಾಗಿ, ನನ್ನನ್ನು ನಡುವೆ ಕರೆಯದೆ, ಹೆಂಡತಿ ಗಂಡನಿಗೆ ಆಡುವ ಮಾತಾಗಿ. ಅವರ ನಡುವೆ ಉಳಿದ ಮಾತು ಅದೊಂದೇ.

ಹೀಗಿರುವಾಗ ದನಿ ತೊಳೆಯುವ ಸಾಹೇಬರು ಬಂದರು. ಅವರ ಹೆಸರು ಫಿಲಿಪ್. ದೊಡ್ಡ ಊರಿನವರು, ಸಣ್ಣ ಪೆಟ್ಟಿಗೆಯಂಥ ಒಂದು ಯಂತ್ರ ತಂದಿದ್ದರು. ಹಳೆಯ ತಟ್ಟೆ ಕೊಟ್ಟರೆ ಅದರೊಳಗಿನ ಕೆಮ್ಮು, ಸೀನು, ಕಿರ್ರೆನ್ನುವ ಕುರ್ಚಿ ಎಲ್ಲವನ್ನೂ ತೆಗೆದು ಹೊಸ ತಟ್ಟೆ ಕೊಡುತ್ತೇವೆ, ಹಳೆಯದು ನಮಗಿರಲಿ ಎಂದು ಡಂಗುರ ಹೊಡೆಸಿದರು. ತೊಳೆದ ಹಾಡಿನಲ್ಲಿ ತಪ್ಪೇ ಇಲ್ಲವೆಂದ ಮೇಲೆ ಅದು ಯಾರನ್ನು ಕಾಡಬೇಕು? ಊರು ದನಿಮನೆಯ ಮುಂದೆ ಸಾಲುಗಟ್ಟಿತು. ಮಲ್ಲೇಶಿಯಂತೂ ಬಾಬಾಜಾನ್ ಸಾಹೇಬರನ್ನು ಕೈಹಿಡಿದು ಎಳೆದುಕೊಂಡು ಹೋದ. ಪತ್ತಾರರ ಹೆಂಡತಿ ತಂಬಿಗೆಯನ್ನು ಮೊಟ್ಟಮೊದಲ ಬಾರಿಗೆ ಮಾಡದಲ್ಲಿ ಇಟ್ಟು, ದೂರ ನಿಂತು ನೋಡಿ, ಚಪ್ಪಾಳೆ ತಟ್ಟಿದಳಂತೆ. ನಾನೂ ನನ್ನ ಬಳೆಗಳನ್ನು ಸುಮ್ಮನಾಗಿಸಿಕೊಂಡೆ. ಸುಳ್ಳೇಕೆ ಹೇಳಲಿ, ಹಾಯೆನಿಸಿತು.

ಮನೆಗಳಲ್ಲಿದ್ದ "ದಾರಿಯ ನೋಡುತ" ತಟ್ಟೆಗಳೆಲ್ಲ ಒಂದೊಂದಾಗಿ ಫಿಲಿಪ್ ಸಾಹೇಬರ ಕೈ ಸೇರಿದವು. ತೊಳೆಯುವುದನ್ನು ಮಾತ್ರ ಅವರು ತಡೆಹಿಡಿದಿದ್ದರು. ಅವರದೊಂದು ಶಿಸ್ತಿತ್ತು: ತಪ್ಪು ಯಾರದೋ ಅವರು ಬಂದು ಒಪ್ಪದೆ ಕೈ ಹಚ್ಚುವುದಿಲ್ಲ. ಈ ಹಾಡಿನ ತಪ್ಪು ಯಾರದು ಎಂದು ಕೇಳಿದರೆ ಊರಿನ ಅರ್ಧ ಜನ ಮಾಸ್ತರರದು ಎಂದರು, ಅರ್ಧ ಜನ ಬಾಯಿಯವರದು ಎಂದರು. ಅದೇ ಮಾತಿನ ಮೇಲೆ ನಮ್ಮೂರಲ್ಲಿ ಎರಡು ಪಂಗಡಗಳೇ ಇದ್ದವು, ಪಾಪ ಸಾಹೇಬರಿಗೇನು ಗೊತ್ತು.

ಆ ವಾರ ಒಂದು ಮಧ್ಯಾಹ್ನ ಮಾಸ್ತರರು ನನ್ನ ಅಂಗಡಿಗೆ ಇಳಿದು ಬಂದರು. ಧೋತರದ ಚುಂಗಿನಲ್ಲಿ ಏನನ್ನೋ ಮುಚ್ಚಿಕೊಂಡಿದ್ದರು. ತೆಗೆದು ನನ್ನ ಹೊಲಿಗೆ ಯಂತ್ರದ ಮೇಲಿಟ್ಟರು. ಅವರ ಸ್ವಂತ ತಟ್ಟೆ. ಬೆಳಕಿಗೆ ಹಿಡಿದು ನೋಡಿದೆ. ಉಳಿದ ಕಡೆ ಕಪ್ಪಗೆ ಮಿರಮಿರ ಮಿಂಚುತ್ತಿದ್ದ ತಟ್ಟೆ ಒಂದು ಕಡೆ ಮಾತ್ರ, ಬೆರಳಗಲದಷ್ಟು, ಬೂದಿ ಬಣ್ಣಕ್ಕೆ ತಿರುಗಿ ಸವೆದುಹೋಗಿತ್ತು.

"ಇದೇನ್ರಿ ಮಾಸ್ತರ್ರ, ಇಲ್ಲೊಂದ ಕಡೆ ಇಷ್ಟ ಸವದೈತಿ?"

"ದಿನಾ ಮಧ್ಯಾಹ್ನ ಅಲ್ಲೊಂದ ಕಡೆ ಗ್ರಾಮಫೋನಿನ ಮುಳ್ಳು ಇಡತಿದ್ದೆ."

ನನಗೆ ಆಗ ಹೊಳೆಯಿತು. ಮಧ್ಯಾಹ್ನ ಮೇಲಿನಿಂದ ಹಾಡಿನ ಅರ್ಧ ಸಾಲು ಕೇಳುತ್ತಿತ್ತು, ಆಮೇಲೆ ಅಪಸ್ವರ, ಆಮೇಲೆ ಅಡುಗೆಮನೆಯಿಂದ ಬಾಯಿಯವರ ಗದರಿಕೆ, ಅಲ್ಲಿಗೆ ನಿಂತುಹೋಗುತ್ತಿತ್ತು. ಮಾಸ್ತರರು ಏನೋ ಅಭ್ಯಾಸ ಮಾಡುತ್ತಾರೆ ಎಂದುಕೊಂಡಿದ್ದೆ. ಅಭ್ಯಾಸವೇ ಹೌದು, ಬೈಸಿಕೊಳ್ಳುವ ಅಭ್ಯಾಸ.

"ಈಗ ಏನೂ ಕೇಳಂಗಿಲ್ಲ. ಬರೇ ಸರಸರ ಅಂತದ" ಎಂದರು ಮಾಸ್ತರರು. "ಇನ್ನ ಗೋಪುರದ್ದೊಂದ ಉಳದದ. ಅದನ್ನೂ ತೊಳದುಬಿಟ್ರ..." ನನ್ನ ಕತ್ತರಿಯನ್ನು ಎತ್ತಿ, ಅದರ ಬಾಯಿ ತೆರೆದು ಮುಚ್ಚಿ, ಮತ್ತೆ ಅಲ್ಲೇ ಇಟ್ಟರು. "ಆಕಿ ನನ್ನ ಜೋಡಿ ಆಡೂದು ಅದೊಂದ ಮಾತು, ಕಾಶವ್ವಾ. ಬೈಗುಳನೇ ಇರ್ಲಿ. ನನಗ ಆಡಿದ್ದು ಅಲ್ಲೇನು? ಅದೂ ಹೋದ್ರ ನಾ ಯಾರ ಜೋಡಿ ಸಂಸಾರ ಮಾಡಲಿ, ನಿನ್ನ ಜೋಡಿ ಮಾಡಲ್ಯಾ?"

"ನನ್ನ ಜೋಡಿ ಬ್ಯಾಡ್ರಿ, ನಮ್ಮನಿಯವ್ರು ಕೇಳಂಗಿಲ್ಲ" ಎಂದೆ. ಆ ಮುದುಕರ ಮೇಲೆ ಅವತ್ತು ನನಗೆ ಬಂದಷ್ಟು ಅಕ್ಕರೆ ಎಂದೂ ಬಂದಿರಲಿಲ್ಲ. ದಾರ, ಸೂಜಿ ಅಲ್ಲೇ ಬಿಟ್ಟು ಅವರ ಜೊತೆ ದನಿಮನೆಗೆ ಹೊರಟೆ.

ಫಿಲಿಪ್ ಸಾಹೇಬರು ಕುರ್ಚಿ ಕೊಟ್ಟು ಕೂರಿಸಿ, "ಹೇಳಿ ಸರ್, ತಪ್ಪು ಯಾರದು?" ಎಂದು ನೇರವಾಗಿ ಕೇಳಿದರು. ಸಾಲಿನಲ್ಲಿ ನಿಂತಿದ್ದ ಜನ ಕಿವಿ ನಿಮಿರಿಸಿದರು. ಮಾಸ್ತರರು ಗಂಟಲು ಸರಿಮಾಡಿಕೊಂಡರು. ಟಾಂಗಾದ ದಿನದಿಂದ ಯಾರು ಕೇಳಿದರೂ ಒಂದೇ ಉತ್ತರ ಕೊಟ್ಟ ಮನುಷ್ಯ.

"ತಪ್ಪು ನಂದು" ಎಂದರು. "ನನ್ನ ಬೆರಳು ಜಾರಿದ್ದು ಖರೆ. ಆಕಿದೇನೂ ತಪ್ಪಿಲ್ಲ. ತಪ್ಪು ನಂದಂದ ಮ್ಯಾಲ ಮಾತೂ ನಂದ. ತೊಳಿಬ್ಯಾಡ್ರಿ."

ಮಾಸ್ತರರ ಪಂಗಡದವರು ಬಾಯಿ ಬಾಯಿ ಬಡಿದುಕೊಂಡರು. ಇಷ್ಟು ವರ್ಷ ಅವರ ಪರವಾಗಿ ವಾದಿಸಿ ಗಂಟಲು ಹರಿದುಕೊಂಡವರು ಅವರು. ಅಷ್ಟರಲ್ಲಿ ಬಾಗಿಲ ಕಡೆಯಿಂದ ಒಂದು ದನಿ ಬಂತು.

"ಕಾಶವ್ವಾ, ಅವರಿಗೆ ಹೇಳು. ತಪ್ಪು ಅವರದಲ್ಲ, ನಂದು."

ತುಳಸಾಬಾಯಿ. ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ಆಕೆಯೂ ಅದೇ ಹಾಡಿಗಾಗಿಯೇ ಬಂದಿದ್ದಳು, ಆದರೆ ತೊಳೆಸುವುದಕ್ಕೆ.

"ಮಾಸ್ತರ್ರ, ತಪ್ಪು ನಿಮ್ಮದಲ್ಲಂತ್ರಿ, ಅವರದಂತ್ರಿ" ಎಂದೆ ನಾನು.

"ಅವರಿಗೆ ಹೇಳು, ಸ್ವರ ತಪ್ಪಿದಂವ ನಾನು, ನಂದ ತಪ್ಪು ಅಂತ."

"ಹೇಳು ಕಾಶವ್ವಾ. ಹಾಡಿನ ನಡುವ ಬಾಯಿ ಮಾಡಿದಾಕಿ ನಾನು. ಸ್ವರದ ತಪ್ಪು ಯಾರಿಗೂ ತಿಳೀತಿದ್ದಿಲ್ಲ."

"ಕಾಶವ್ವಾ, ಅವರಿಗೆ ಹೇಳು, ನಾ ತಪ್ಪಲಿಲ್ಲಂದ್ರ ಅವರು ಬೈತಿದ್ದಿಲ್ಲ!"

ನಾನು ಆ ಕಡೆ ಈ ಕಡೆ ತಿರುಗಿ ತಿರುಗಿ ಕುತ್ತಿಗೆ ಉಳುಕಿಸಿಕೊಂಡೆ. ಟಾಂಗಾದಲ್ಲಿ ಆಡಿದ ಮಾತುಗಳೇ, ಆದರೆ ಅವರದು ಇವರ ಬಾಯಲ್ಲಿ, ಇವರದು ಅವರ ಬಾಯಲ್ಲಿ. ತಪ್ಪು ನಿನ್ನದು ಎಂದು ಜಗಳ ಕಾದವರನ್ನು ಕಂಡಿದ್ದೇನೆ; ತಪ್ಪು ನನ್ನದೇ, ನನಗೇ ಬೇಕು ಎಂದು ಕಾದಾಡಿದವರನ್ನು ಅವತ್ತೇ ನೋಡಿದ್ದು. ಬಾಬಾಜಾನ್ ಸಾಹೇಬರು ಉರುಳಾಡಿ ನಗುತ್ತಿದ್ದರು.

ಫಿಲಿಪ್ ಸಾಹೇಬರು ಹಣೆ ಒತ್ತಿಕೊಂಡು, ತಟ್ಟೆಯ ನಡುವಿನ ಲೇಬಲ್ ನೋಡಿದರು. ಅದರ ಮೇಲೆ ದಪ್ಪಕ್ಷರದಲ್ಲಿ ತುಳಸಾಬಾಯಿಯವರ ಹೆಸರಿತ್ತು. ಹಾರ್ಮೋನಿಯಂ ಬಾರಿಸಿದವರ ಹೆಸರನ್ನು ಯಾವ ಕಾಲದಲ್ಲಿ ಯಾರು ಹಾಕಿದ್ದಾರೆ! "ಕ್ಷಮಿಸಿ ಸರ್, ಹಾಡು ಅವರದು. ಅವರು ತೊಳೆಯಿರಿ ಅಂದರೆ ನಾನು ತೊಳೀಲೇಬೇಕು" ಎಂದರು. ಮಾಸ್ತರರು ಎದ್ದು ಎಲ್ಲರಿಗೂ ಕೈಮುಗಿದು ಹೊರಟುಬಿಟ್ಟರು. ಮನೆಯ ಮೆಟ್ಟಿಲು ಹತ್ತುವಾಗ, ಹಿಂದೆ ಬಂದ ನನಗೆ, "ರವಿವಾರ ಚೌಕದಾಗ ಹೊಸಾ ತಟ್ಟಿ ಹಚ್ತಾರಂತ. ಅವತ್ತಿಂದ ನಮ್ಮನಿ ಮೂಕ ಆತು" ಎಂದರು.

ನನಗೆ ತಡೆಯಲಿಲ್ಲ. ಶನಿವಾರ ಕುಪ್ಪಸದ ಅಳತೆಗೆಂದು ಬಾಯಿಯವರು ಇಳಿದು ಬಂದಾಗ, ತೋಳಿಗೆ ಟೇಪು ಸುತ್ತುತ್ತಲೇ ಕೇಳಿದೆ. "ಬಾಯಾರ, ಇದ್ರ ಇರ್ಲಿ ಅನಬಾರದಾಗಿತ್ತೇನ್ರಿ? ಅದೊಂದ ಮಾತು ನಿಮ್ಮಿಬ್ಬರ ನಡುವ ಇತ್ತು."

"ಯಾರ ಮಾತು?" ಎಂದಳು ಆಕೆ, ತೋಳು ಹಿಂದಕ್ಕೆಳೆದುಕೊಂಡು. "ಅದು ನನ್ನ ಮಾತೇನು? ನಾ ಒಮ್ಮೆ ಆಡಿದ್ದೆ. ಆಮ್ಯಾಲಿಂದ ಆ ತಟ್ಟಿ ನನ್ನ ಬಾಯಿ ತಗದು ತಾನ ಆಡ್ತದ. ಹರೇದ ದನಿ ಅದು, ಬೆಣ್ಣಿಯಂಥಾ ದನಿ. ಇವರು ಮಧ್ಯಾಹ್ನ ಕದ್ದು ಕದ್ದು ಮುಳ್ಳು ಇಡೂದು ನನಗ ಗೊತ್ತಿಲ್ಲ ಅಂತ ತಿಳದೀಯೇನು? ಯಾರಾಕಿ ಆ ಹುಡುಗಿ, ನನ್ನ ಗಂಡಗ ದಿನಾ ಬೈಯ್ಲಿಕ್ಕೆ? ಬೈಯೂದಿದ್ರ ನಾ ಬೈತೀನಿ."

ನಾನು ಟೇಪು ಹಿಡಿದುಕೊಂಡೇ ನಿಂತೆ. ತನ್ನದೇ ಹಳೆಯ ದನಿಯ ಮೇಲೆ ಸವತಿಮತ್ಸರ! ಇಷ್ಟು ವರ್ಷ ಮಧ್ಯಾಹ್ನ ಆ ಹೊತ್ತಿಗೆ ಆಕೆ ಒಂದು ದಿನವೂ ಮನೆ ಬಿಟ್ಟು ಹೋಗಿರಲಿಲ್ಲ ಎಂಬುದೂ ಆಗಲೇ ನೆನಪಾಯಿತು. ಓಡಿಹೋಗಿ ಮಾಸ್ತರರಿಗೆ ಹೇಳಿಬಿಡೋಣ ಎಂದು ಕಾಲು ತುಡಿಯಿತು. ಆದರೆ ಬಾಯಿಯವರು "ಹೇಳು" ಎಂದಿರಲಿಲ್ಲ. ನನ್ನ ನೇಮವನ್ನು ಶಪಿಸುತ್ತ ಕುಪ್ಪಸ ಕತ್ತರಿಸಿದೆ, ತೋಳು ಒಂದಂಗುಲ ಗಿಡ್ಡವಾಯಿತು.

ರವಿವಾರ ಸಂಜೆ ಚೌಕ ತುಂಬಿ ಹೋಯಿತು. ದನಿಮನೆಯ ಮುಂದೆ ಕಟ್ಟೆಯ ಮೇಲೆ ಜಮಖಾನೆ ಹಾಸಿ ಹಳೆಯ ಕಲಾವಿದರನ್ನು ಕೂರಿಸಿದ್ದರು. ಮಾಸ್ತರರ ಮುಂದೆ ಗೌರವಕ್ಕೆಂದು ಒಂದು ಹಾರ್ಮೋನಿಯಂ. ಅವರ ಬಲಕ್ಕೆ ತುಳಸಾಬಾಯಿ, ನೆಟ್ಟಗೆ, ಯಾರನ್ನೂ ನೋಡದೆ. ಇಬ್ಬರ ನಡುವೆ ನಾನು, ಎಂದಿನಂತೆ.

ಮೊದಲು ಬಾಬಾಜಾನ್ ಸಾಹೇಬರು ಸೀನಿದ್ದ ಹಾಡು. ತಬಲಾ ಏರಿತು. ಗುಂಪಿನಲ್ಲಿ ಮಲ್ಲೇಶಿ ರೂಢಿಯಂತೆ ಒಂದು ಹೆಜ್ಜೆ ಹಿಂದೆ ಸರಿದು ಹಿಂದಿನವನ ಕಾಲು ತುಳಿದ. ಸೀನು ಬರಲಿಲ್ಲ. ತಬಲಾ ಸರಾಗವಾಗಿ ಇಳಿದುಹೋಯಿತು. ಜನ ಚಪ್ಪಾಳೆ ತಟ್ಟಿದರು. ಬಾಬಾಜಾನ್ ಸಾಹೇಬರು ಮಾತ್ರ ಕೈವಸ್ತ್ರ ಹಿಡಿದುಕೊಂಡು, ಬರಬೇಕಾದ ನೆಂಟ ಬಾರದವರಂತೆ ಮೂಗು ಮುಟ್ಟಿ ನೋಡಿಕೊಂಡರು.

ಆಮೇಲೆ "ದಾರಿಯ ನೋಡುತ ನಿಂತೇನ".

ಹಾಡು ಎಷ್ಟು ಚೆನ್ನಾಗಿತ್ತೆಂದರೆ, ಯಂತ್ರ ಬರೀ ತಪ್ಪನ್ನಲ್ಲ, ನಮ್ಮ ಕಿವಿಗಳನ್ನೂ ತೊಳೆದಂತಿತ್ತು. ಪಲ್ಲವಿ ಬಂತು, ಮೊದಲ ಚರಣ ಬಂತು. ಎರಡನೆಯ ಚರಣ ಶುರುವಾದಾಗ ಚೌಕದಲ್ಲಿ ಮಕ್ಕಳೂ ಸುಮ್ಮನಾದರು. ಚರಣದ ಕೊನೆ ಬಂತು. ಹಾರ್ಮೋನಿಯಂ ಎಲ್ಲಿ ಜಾರಬೇಕಿತ್ತೋ ಅಲ್ಲಿ ಜಾರದೆ, ಬೆಳಗಿದ ತಾಟಿನ ಹಾಗೆ ಥಳಥಳಿಸಿ ಮುಂದೆ ಹೋಯಿತು. ಗದರಿಕೆ ಇಲ್ಲ. ಮಾಸ್ತರರ ಬೆರಳು ಇಳಿಯಲಿಲ್ಲ. ಅವರು ಅದನ್ನು ಬೇರೆ ಯಾರದೋ ಬೆರಳು ಎಂಬಂತೆ ನೋಡುತ್ತಿದ್ದರು. ತುಳಸಾಬಾಯಿಯ ತುಟಿಗಳು ಬಿಗಿದೇ ಇದ್ದವು. ಇಡೀ ಊರಿಗೆ ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟ ಹಾಗಾಯಿತು. ಮಾಸ್ತರರ ಮುಖ ನೋಡಲಾಗದೆ ನಾನು ಜಮಖಾನೆಯ ದಾರ ಕೀಳತೊಡಗಿದೆ.

ಹಾಡು ಮೂರನೆಯ ಚರಣಕ್ಕೆ ಹೋಗಿತ್ತು. ಆಗ ಮಾಸ್ತರರು ಎಡಗೈಯಿಂದ ಹಾರ್ಮೋನಿಯಂನ ತಿದಿಯನ್ನು ಎಳೆದರು. ಬಲಗೈ ಮೇಲೆತ್ತಿ, ನಡುಬೆರಳು ಚಾಚಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಒಂದು ಪಟ್ಟಿಯನ್ನು ಬಲವಾಗಿ ಒತ್ತಿದರು. ಪೋಂ ಎಂದು ಒಂದು ಅಪಸ್ವರ ಹೊರಬಂತು. ಯಾವ ತಟ್ಟೆಯೂ ಒತ್ತಿಸಿದ್ದಲ್ಲ, ತಾನಾಗಿ, ಬೇಕೆಂದೇ ಒತ್ತಿದ್ದು. ಆದರೆ ಪಾಪ, ಎರಡನೆಯ ಚರಣದ್ದನ್ನು ಮೂರನೆಯದರಲ್ಲಿ ಒತ್ತಿದ್ದರು. ಅದೂ ಹಳೆಯ ಅಪಸ್ವರವಲ್ಲ, ಇನ್ನೊಂದು. ಹಳೆಯದಕ್ಕಿಂತ ಕೆಟ್ಟದ್ದು. ಕಟ್ಟೆಯ ಕೆಳಗೆ ಮಲಗಿದ್ದ ನಾಯಿ ಎದ್ದು ಹೋಯಿತು.

ಮಾಸ್ತರರು ಕಣ್ಣು ಮುಚ್ಚಿಕೊಂಡೇ ಇದ್ದರು. ಅವರ ಕಿವಿಯ ತುದಿ ಕೆಂಪಗಾಗಿತ್ತು. ಇನ್ನು ಇವರು ಊರಿಗೆ ಮುಖ ಹೇಗೆ ತೋರಿಸುತ್ತಾರೆ ಎಂದುಕೊಂಡೆ.

"ಅಲ್ಲಲ್ಲ!"

ತುಳಸಾಬಾಯಿ ನನ್ನ ತೊಡೆಯ ಮೇಲೆ ಕೈಯೂರಿ ಮುಂದಕ್ಕೆ ಬಾಗಿದ್ದಳು. ದನಿ ಒರಟಾಗಿತ್ತು, ವಯಸ್ಸಾದದ್ದು, ಬೆಣ್ಣೆಗಿಣ್ಣೆ ಏನೂ ಇರಲಿಲ್ಲ.

"ಅದು ಇಲ್ಲಲ್ಲ! ಹಿಂದಿನ ಚರಣದಾಗ! ಇಷ್ಟು ವರ್ಷ ಒತ್ತೀರಿ, ಇನ್ನೂ ಜಾಗಾ ಗೊತ್ತಾಗಿಲ್ಲೇನು? ತಪ್ಪು ಸೈತ ನೆಟ್ಟಗ ಮಾಡ್ಲಿಕ್ಕೆ ಬರೂದಿಲ್ಲಲ್ರೀ ನಿಮಗ!"

ಮಾಸ್ತರರು ಕಣ್ಣು ತೆರೆದರು.

"ಮತ್ತ ಬಿಳಿ ಪಟ್ಟಿ ಯಾಕ ಒತ್ತಿದ್ರಿ?" ಆಕೆ ಬಿಡಲಿಲ್ಲ. "ಅವತ್ತು ಒತ್ತಿದ್ದು ಕರೀದು."

"ಬಿಳೀದ" ಎಂದರು ಮಾಸ್ತರರು. "ನನ್ನ ತಪ್ಪು ನನಗ ಗೊತ್ತಿಲ್ಲೇನು?"

"ಕರೀದು. ನಾ ಮುಂದ ಕೂತಾಕಿ, ನನ್ನ ಕಣ್ಣು ಕುರುಡಿದ್ವೇನು?"

"ನೀ ಹಾಡ್ಲಿಕತ್ತಿದ್ದಿ. ನಿನಗ ಹ್ಯಾಂಗ ಕಾಣಸ್ತದ?"

"ಹಾಡೂದು ಬಾಯಿಲೆ. ನೋಡೂದು ಕಣ್ಣಿಲೆ. ಅಷ್ಟೂ ತಿಳೀದಿಲ್ಲ? ಅದಕ್ಕ ಅಂತೀನಿ ನಿಮಗ..."

ಲೌಡ್‌ಸ್ಪೀಕರಿನಲ್ಲಿ ಆ ಹರೆಯದ ದನಿ ಒಂದೂ ಕಲೆಯಿಲ್ಲದೆ ಹಾಡುತ್ತಲೇ ಇತ್ತು, ಊರಿನಲ್ಲಿ ಅದನ್ನು ಕೇಳುವವರು ಒಬ್ಬರೂ ಇರಲಿಲ್ಲ. ಫಿಲಿಪ್ ಸಾಹೇಬರು ಯಂತ್ರದ ಮೇಲೆ ಕೈಯಿಟ್ಟು ಬಾಯಿ ತೆರೆದು ನಿಂತಿದ್ದರು. ಬಿಳಿಯದು ಎಂದು ಒಂದು ಪಂಗಡ, ಕರಿಯದು ಎಂದು ಇನ್ನೊಂದು ಪಂಗಡ ಆಗಲೇ ಚೌಕದಲ್ಲಿ ತಯಾರಾಗುತ್ತಿತ್ತು. ಮಾಸ್ತರರ ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ಸಿಟ್ಟಿತ್ತು, ಇಷ್ಟು ಸುಖವಾಗಿ ಸಿಟ್ಟು ಮಾಡುವ ಗಂಡಸನ್ನು ನಾನು ಆಮೇಲೂ ಕಂಡಿಲ್ಲ.

"ಬಿಳೀದು ಅಂದ್ರ ಬಿಳೀದು!" ಎಂದರು ಅವರು.

ನಾನು ರೂಢಿಯ ಬಲದಿಂದ ಬಲಕ್ಕೆ ತಿರುಗಿದೆ. "ಬಾಯಾರ, ಮಾಸ್ತರ್ರು ಹೇಳಾಕತ್ತಾರ, ಬಿಳೀದು ಅಂದ್ರ..."

ತುಳಸಾಬಾಯಿ ನನ್ನ ಭುಜ ಹಿಡಿದು ಹಿಂದಕ್ಕೆ ಸರಿಸಿದಳು.

"ನೀ ಆಚೆ ಸರಿಯವಾ ಕಾಶವ್ವಾ, ನಾವು ಮಾತಾಡ್ಲಿಕತ್ತೀವಿ."